ಪ್ರಾಕ್ಟಿಕಲ್‌ಗೆ ಒಂದು ತಲೆ ಬೇಕಾಗಿತ್ತು

ಕಳೆದ ಶನಿವಾರ ನಮ್ಮ ದೊಡ್ಡತ್ತೆ ಪರೀಕ್ಷೆಗೆ ಹೋಗಿದ್ದರು.

ವಯಸ್ಸು ಅರವತ್ತೈದು ದಾಟಿದೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರು ಓದಬೇಕಾದ್ದೂ ಇರಲಿಲ್ಲ, ಬರೆಯಬೇಕಾದ್ದೂ ಇರಲಿಲ್ಲ. ತಲೆಯೊಂದನ್ನು ತೆಗೆದುಕೊಂಡು ಹೋದರೆ ಸಾಕಿತ್ತು. (ಪರೀಕ್ಷೆಗೆ ಬೇರೆಲ್ಲ ತಂದು ಅದೊಂದನ್ನು ಮನೆಯಲ್ಲೇ ಬಿಟ್ಟು ಬರುವ ಮಕ್ಕಳಿಗೆ ಪಾಠ ಹೇಳುವವಳು ನಾನು. ಹಾಗಾಗಿ ನನಗೆ ಇದು ದೊಡ್ಡ ಸಂಗತಿಯೇ.)

ಅದು ಹೇರ್ ಡ್ರೆಸ್ಸಿಂಗ್ ಪರೀಕ್ಷೆ. ಪರೀಕ್ಷೆ ಇದ್ದದ್ದು ಜಾನಕಿಗೆ. ನಮ್ಮ ಮನೆಯ ಬದಿಯ ಕೋಣೆಯಲ್ಲಿ ಬಾಡಿಗೆಗೆ ಇರುವ ಹುಡುಗಿ. ಕರಿಕೆಯ ಗೌಡರ ಮನೆಯವಳು.

ಮಡಿಕೇರಿಯಲ್ಲಿ ಹೇರ್ ಡ್ರೆಸ್ಸಿಂಗ್ ಸ್ಕೂಲೇ ಎಂದು ನೀವು ಹುಬ್ಬು ಏರಿಸುತ್ತೀರಿ. ನಾನೂ ಏರಿಸಿದೆ. ಏರಿಸಿ ಸುಮ್ಮನಿರುವ ಜಾಯಮಾನ ನನ್ನದಲ್ಲ, ವಾರವಾರವೂ ಇದನ್ನು ಓದುವ ನಿಮಗೆ ಅದು ಗೊತ್ತೇ ಇದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಚೀಲದಲ್ಲಿ ಏನಿದೆ ಎಂದು ಕೇಳದೆ ನಾನು ಕುಶಾಲನಗರ ತಲುಪಿದ್ದಿಲ್ಲ. ಆದ್ದರಿಂದ ಹೋಗಿ ವಿಚಾರಿಸಿಕೊಂಡೇ ಬಂದೆ.

ವಿಷಯ ಇಷ್ಟು. ನಮ್ಮ ಊರಿನಲ್ಲಿ ಮನೆಗೊಬ್ಬರಾದರೂ ಮಿಲಿಟರಿಯಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಬರುವ ಅವರ ಹೆಂಡಂದಿರು ದೂರದ ಕಂಟೋನ್ಮೆಂಟುಗಳಲ್ಲಿ ಇದ್ದು ಬಂದವರು. ಮದುವೆಗೋ ಕ್ಲಬ್ಬಿನ ಪಾರ್ಟಿಗೋ ಹೋಗುವ ಮುಂಚೆ ಅವರಿಗೆ ಕೂದಲು ಸುರುಳಿ ಮಾಡಿ ತಲೆ 'ಸೆಟ್' ಆಗಬೇಕು. ಮಾಡುವವರು ಯಾರು? ಬೊಂಬಾಯಿಯಲ್ಲಿ ಬಹಳ ಕಾಲ ಇದ್ದು ಬಂದ ಮಂಗಳೂರು ಕಡೆಯ ಮಹಿಳೆಯೊಬ್ಬರು ಇದನ್ನು ಕಂಡುಕೊಂಡರು. ಜವಳಿ ಅಂಗಡಿಯ ಮಹಡಿ ಹಿಡಿದರು, ಬೋರ್ಡು ಹಾಕಿದರು. ನಾಲ್ಕು ಹುಡುಗಿಯರು ಸೇರಿದರು. ಹುಡುಗಿಯರು 'ಮೇಡಂ' ಎಂದರು, ಈಗ ಊರಿಗೆಲ್ಲ ಅವರು ಮೇಡಂ.

ವರ್ಷದ ಕೊನೆಗೆ ಪರೀಕ್ಷೆ. ಪರೀಕ್ಷಕಿ ಮೈಸೂರಿನಿಂದ. (ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮನ್ನು ಪರೀಕ್ಷಿಸುವವರೆಲ್ಲ ಅಲ್ಲಿಂದಲೇ ಬರುವುದು. ಕೂದಲನ್ನಾದರೂ ನಮಗೇ ಬಿಡುತ್ತಾರೆಂದುಕೊಂಡಿದ್ದೆ.) ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ ಒಬ್ಬಳನ್ನು ಮೇಡಂ ತಮ್ಮಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುವವರಿದ್ದರು. ಆ ಕೆಲಸ ಜಾನಕಿಗೆ ಬೇಕೇ ಬೇಕಿತ್ತು. ಅವಳ ಅಪ್ಪ ಒಪ್ಪಿದ್ದು ಒಂದೇ ವರ್ಷಕ್ಕೆ. ಕೆಲಸ ಸಿಗಲಿಲ್ಲವೋ, ಕರಿಕೆಗೆ ವಾಪಸ್ಸು. ಅಲ್ಲಿ ಯಾರ ತಲೆಯನ್ನು ಸೆಟ್ ಮಾಡುವುದು, ಮಾವಿನ ಮರದ್ದೇ?

ಮೊದಮೊದಲು ಹುಡುಗಿಯ ಉತ್ಸಾಹ ನೋಡಬೇಕಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೊರಡುವವಳು. ಸಂಜೆ ಬಂದು ಕಲಿತದ್ದನ್ನೆಲ್ಲ ನನಗೆ ಒಪ್ಪಿಸುವವಳು. ಕೂದಲಿಗೆ ಬೇರು ಉಂಟಂತೆ, ಬೇರಿನ ಹತ್ತಿರ ಎಣ್ಣೆಯ ಚೀಲ ಉಂಟಂತೆ. ನಾನೋ ಕೇಳುವ ಚಟದವಳು. ಕೂದಲು ಯಾಕೆ ನರೆಯುತ್ತದೆ? ಕೆಲವರದ್ದು ಯಾಕೆ ಗುಂಗುರು? ಗೊತ್ತಿದ್ದಷ್ಟು ಹೇಳುತ್ತಿದ್ದಳು. ಗೊತ್ತಿಲ್ಲದ್ದನ್ನು ಮಾರನೆಯ ದಿನ ಮೇಡಂ ಹತ್ತಿರ ಕೇಳಿಕೊಂಡು ಬರುತ್ತಿದ್ದಳು.

ಮಳೆ ಹಿಡಿಯುವ ಹೊತ್ತಿಗೆ ಆ ಉತ್ಸಾಹಕ್ಕೆ ಬೂಸಲು ಬಂತು.

ಕಾರಣ ಗಂಗಮ್ಮ. ಗಂಗಮ್ಮ ಎಂದರೆ ಒಂದು ಮಡಕೆ. ಅಭ್ಯಾಸಕ್ಕೆಂದು ಬೊಂಬಾಯಿಯಿಂದ ಕೂದಲಿರುವ ಬೊಂಬೆತಲೆಗಳು ಬರುತ್ತವೆ ಎಂದು ಮೇಡಂ ಹೇಳಿದ್ದರು. ಬರಲಿಲ್ಲ. ಅವು ಬರುವವರೆಗೆ ಇರಲಿ ಎಂದು ಮಡಕೆಯೊಂದನ್ನು ಬೋರಲು ಹಾಕಿ, ಮೇಣದಲ್ಲಿ ತೆಂಗಿನ ನಾರು ಅಂಟಿಸಿದ್ದರು. ಹುಡುಗಿಯರು ಅದಕ್ಕೆ ಹೆಸರಿಟ್ಟರು. ಸರದಿಯ ಪ್ರಕಾರ ನಾಲ್ವರೂ ಗಂಗಮ್ಮನಿಗೆ ಬೈತಲೆ ತೆಗೆದರು, ಸುರುಳಿ ಹಾಕಿದರು, ಕತ್ತರಿಸಿದರು. ಒಮ್ಮೆ ಕತ್ತರಿಸಿದ ನಾರು ಮತ್ತೆ ಬೆಳೆಯುತ್ತದೆಯೇ? ಗಂಗಮ್ಮ ಬೋಳಾದಳು.

ಆಮೇಲೆ ಮೇಡಂ ಹೇಳಿದರಂತೆ: ಇನ್ನು ನಿಮ್ಮ ನಿಮ್ಮ ತಲೆಗಳನ್ನು ನೀವೇ ಹುಡುಕಿಕೊಳ್ಳಿ. ಜೀವಂತ ತಲೆ. ಅದರ ಮೇಲೇ ಅಭ್ಯಾಸ, ಪ್ರಾಕ್ಟಿಕಲ್ ದಿನವೂ ಅದೇ ಬರಬೇಕು. ಕಟಿಂಗೂ ಇರಬೇಕು, ಸೆಟ್ಟಿಂಗೂ ಇರಬೇಕು.

ಉಳಿದ ಮೂವರು ಇದೇ ಊರಿನವರು. ಅಕ್ಕ, ಚಿಕ್ಕಮ್ಮ, ರಜೆಗೆ ಬಂದ ಅತ್ತಿಗೆ ಎಂದು ಅವರಿಗೆ ತಲೆಗಳು ಸಿಕ್ಕವು. ಜಾನಕಿಯ ಕಡೆಯವರೆಲ್ಲ ಕರಿಕೆಯಲ್ಲಿ. ಮಳೆಗಾಲದಲ್ಲಿ ಆ ದಾರಿಯಲ್ಲಿ ಕಾಗದ ಬರುವುದೇ ಕಷ್ಟ, ತಲೆ ಬರುವುದು ಹೇಗೆ? ಅಕ್ಕಪಕ್ಕದ ಮನೆಗಳಲ್ಲಿ ಕೇಳಿ ನೋಡಿದಳು. "ಬೇಕಾದರೆ ಜಡೆ ಹಾಕು ಮಾರಾಯ್ತಿ, ಕತ್ತರಿ ಮಾತ್ರ ತರಬೇಡ" ಎಂದರು ಎಲ್ಲರೂ.

ಕೊನೆಗೆ ನನ್ನ ತಲೆ ಕೊಟ್ಟೆ. ಧರ್ಮಕ್ಕಲ್ಲ, ಕುತೂಹಲಕ್ಕೆ.

ಆವತ್ತು ಭಾನುವಾರ. ಹೊರಗೆ ಕಕ್ಕಡ ತಿಂಗಳ ಜಡಿಮಳೆ. ರೋಲರ್‌ಗೆಂದು ಜಾನಕಿ ಓಟೆ ಬಿದಿರಿನ ತುಂಡುಗಳನ್ನು ನುಣ್ಣಗೆ ಉಜ್ಜಿಟ್ಟಿದ್ದಳು. ಲೋಷನ್ ಬದಲು ಅನ್ನದ ಗಂಜಿತಿಳಿ. ಕೂದಲಿಗೆ ಗಂಜಿ ಸವರಿ ಬಿದಿರಿಗೆ ಸುತ್ತಿ ಮುಗಿಸಿದಾಗ ನಾನು ಕನ್ನಡಿಯಲ್ಲಿ ಬೇಲಿಯ ಹಾಗೆ ಕಂಡೆ. ಇನ್ನು ಒಣಗಬೇಕು. ಆ ಮಳೆಯಲ್ಲಿ ಒಣಗುವುದು ಎಂದರೇನು? ನಮ್ಮಲ್ಲಿ ಬಟ್ಟೆ ಒಣಗಿಸುವ ಕ್ರಮ ನಿಮಗೆ ಹೊಸದಲ್ಲ: ಕೆಂಡದ ಮೇಲೆ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಬಟ್ಟೆ. ಬಟ್ಟೆಯ ಜಾಗದಲ್ಲಿ ನನ್ನ ತಲೆ ಇಟ್ಟಳು.

ಒಣಗಿತು. ಸುರುಳಿಯೂ ಬಂತು. ಚೆನ್ನಾಗಿಯೇ ಇತ್ತು. ಸೋಮವಾರ ಹೆಮ್ಮೆಯಿಂದ ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ತರರು ಗಾಳಿ ಮೂಸಿ, "ಮನೆಯಲ್ಲಿ ಬೆಂಕಿಯ ಅನಾಹುತವೇನಾದರೂ ಆಯಿತೇ ಟೀಚರ್?" ಎಂದು ಮರುಕದಿಂದ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಥಂಡಿಗೆ ಗಂಜಿ ಬಿಟ್ಟುಕೊಂಡು ಸುರುಳಿಗಳು ಕಿವಿಯ ಮೇಲೆ ಇಳಿದವು. ನೊಣಗಳು ಬಂದವು. ಎಂಟನೆಯ ತರಗತಿ ಆವತ್ತು ಇಡೀ ಪೀರಿಯಡ್ ನನ್ನನ್ನೇ ನೋಡುತ್ತಿತ್ತು. ಅಂಥ ಏಕಾಗ್ರತೆ ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

ಸಂಜೆ ನನ್ನ ಅವಸ್ಥೆ ಕಂಡು ಜಾನಕಿ ಬಾಗಿಲಲ್ಲೇ ಕೂತುಬಿಟ್ಟಳು. "ನಂಗೆ ಬೊತ್ತಕ್ಕ. ನಾ ನಾಳೆನೇ ಮನೆಗೆ ಹೋನೆ." (ದುಃಖವಾಗಲಿ ಸಿಟ್ಟಾಗಲಿ ಬಂದರೆ ಅವಳ ಬಾಯಲ್ಲಿ ಬರುವುದು ಅರೆಭಾಷೆ. ಬೇಡ, ಊರಿಗೆ ಹೋಗುತ್ತೇನೆ ಎಂದಳು.) ಎದ್ದು ಹೋಗಿ ಟ್ರಂಕಿಗೆ ಬಟ್ಟೆಯನ್ನೂ ತುಂಬಿದಳು.

"ಸೆಟ್ಟಿಂಗ್ ಬಂತಲ್ಲ. ಈಗ ಕತ್ತರಿಸಿ ನೋಡು," ಎಂದು ನಾನೇ ಬೆನ್ನು ಮಾಡಿ ಕೂತೆ. ನನಗೂ ಹಠ ಬಂದಿತ್ತು. ಅವಳು ಕತ್ತರಿ ತೆಗೆದಳು.

"ಅವಳ ತಲೆಗೆ ಬೇಡ."

ಒಳಗಿನಿಂದ ಬಂದ ಮಾತು. ಬಾಗಿಲಲ್ಲಿ ದೊಡ್ಡತ್ತೆ ನಿಂತಿದ್ದರು.

ದೊಡ್ಡತ್ತೆ ಎಂದರೆ ನಮ್ಮ ಯಜಮಾನರ ತಂದೆಯ ಅಕ್ಕ. ಹದಿನಾರು ತುಂಬುವ ಮೊದಲೇ ಗಂಡ ತೀರಿಕೊಂಡರು. ಆಗಿನ ಕ್ರಮದಂತೆ ತಲೆ ಬೋಳಿಸಿದರು. ಅಂದಿನಿಂದ ಕೆಂಪು ಸೀರೆ, ತಲೆಯ ಮೇಲೆ ಸೆರಗು, ಮಡಿ, ಒಪ್ಪೊತ್ತು ಊಟ. ತಿಂಗಳಿಗೊಮ್ಮೆ ಕ್ಷೌರದ ಚನ್ನಪ್ಪ ಹಿತ್ತಿಲ ಬಾಗಿಲಿನಿಂದ ಬರುತ್ತಾನೆ. ಹಿಂದಿನ ಜಗಲಿಯ ಕಲ್ಲಿನ ಮೇಲೆ ಇವರು ಕೂರುತ್ತಾರೆ. ಆಮೇಲೆ ತಲೆಗೆ ನೀರು. ಮನೆಯಲ್ಲಿ ಯಾರೂ ಆ ಕಡೆ ಹೋಗುವುದಿಲ್ಲ, ಆ ಬಗ್ಗೆ ಮಾತಾಡುವುದೂ ಇಲ್ಲ. ಸಿಕ್ಕಸಿಕ್ಕದ್ದನ್ನೆಲ್ಲ ಕೇಳುವ ನಾನು ಕೂಡ.

"ಅವಳಿಗೆ ಗಂಡ ಇದ್ದಾನೆ. ಮುತ್ತೈದೆಯ ತಲೆಗೆ ಕತ್ತರಿ ತಾಗಿಸಬಾರದು," ಎಂದರು ದೊಡ್ಡತ್ತೆ.

ಜಾನಕಿ ಕತ್ತರಿ ಕೆಳಗಿಟ್ಟಳು. ದೊಡ್ಡತ್ತೆ ಒಳಗೆ ಹೋಗಲಿಲ್ಲ. ಅಲ್ಲೇ ನಿಂತು ಕೇಳಿದರು: "ನಿನ್ನ ಪರೀಕ್ಷೆ ಯಾವಾಗ?"

"ಹುತ್ತರಿ ಹಬ್ಬ ಕಳೆದು, ಅಜ್ಜಿ."

"ಹಾಗಾದರೆ ನನ್ನದು ಆಗ್ತದಾ? ನನ್ನ ತಲೆಗೆ ಏನಾದರೂ ಕೇಳುವವರಿಲ್ಲ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಲ್ಲ ದೊಡ್ಡತ್ತೆ, ನಿಮಗೆ ಕೂದಲೇ ಇಲ್ಲವಲ್ಲ," ಎಂದುಬಿಟ್ಟೆ.

"ಬಿಟ್ಟರೆ ಬರ್ತದೆ. ಐವತ್ತು ವರ್ಷದಿಂದ ಬರ್ತಾನೇ ಇದೆ. ನಾವೇ ಬಿಡ್ತಾ ಇಲ್ಲ."

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಹಾಲು ಉಕ್ಕುತ್ತಿದೆ ಎನ್ನುವ ಹಾಗೆ ಹೇಳಿದರು. ಜಾನಕಿಗೆ ಮಾತ್ರ ಹೆದರಿಕೆ. "ನಾನು ಮುಟ್ಟಬಹುದಾ ಅಜ್ಜಿ? ನಿಮಗೆ ಮಡಿ ಅಲ್ಲವಾ?"

"ಚನ್ನಪ್ಪ ಮುಟ್ಟಿದ ಮೇಲೆ ಸ್ನಾನ ಮಾಡ್ತೇನೆ. ನೀನು ಮುಟ್ಟಿದ ಮೇಲೂ ಮಾಡ್ತೇನೆ. ನೀರಿಗೇನು ಬರ?"

ಆ ಮಳೆಯಲ್ಲಿ ನೀರಿಗೆ ಬರವಿರಲಿಲ್ಲ ನಿಜ. ಟ್ರಂಕಿನ ಬಟ್ಟೆ ವಾಪಸ್ಸು ಗಳುವಿಗೆ ಬಂತು.

ಆ ತಿಂಗಳು ಚನ್ನಪ್ಪ ಬಂದಾಗ ದೊಡ್ಡತ್ತೆ, "ಈ ಸಲ ಬೇಡ," ಎಂದರು. ಮೈಗೆ ಹುಷಾರಿಲ್ಲವೇ ಎಂದು ಅವನು ಗಾಬರಿಯಾದ. ಅವರು ಇದ್ದದ್ದನ್ನು ಹೇಳಿದರು. ಚನ್ನಪ್ಪನಿಗೂ ವಯಸ್ಸಾಗಿದೆ. ಮೊದಲ ಸಲ ಆ ತಲೆಗೆ ಕತ್ತಿ ಇಟ್ಟದ್ದು ಅವನ ಅಪ್ಪ, ಆಮೇಲೆ ಇವನೇ. ಪೆಟ್ಟಿಗೆ ಮುಚ್ಚಿ, "ಆಗಲಿ ತಾಯಿ. ಬಂದರೆ ಹ್ಯಾಂಗಿರ್ತದೆ ಅಂತ ನಂಗೂ ನೋಡ್ಬೇಕು," ಎಂದು ಹೋದ. ಮುಂದಿನ ತಿಂಗಳೂ ಬಂದ, ದೂರದಿಂದಲೇ ನೋಡಿದ, ಹೋದ.

ನಮ್ಮ ಯಜಮಾನರು ಮಾತ್ರ ಅಷ್ಟು ಸುಲಭಕ್ಕೆ ಹೋಗುವ ಆಸಾಮಿಯಲ್ಲ. ತಾಲೂಕು ಕಚೇರಿಯ ನೌಕರಿ ನೋಡಿ, ಎಲ್ಲಕ್ಕೂ ಒಂದು ತಕರಾರು ಬೇಕು. "ಜನ ಏನಂತಾರೆ?" ಎಂದರು. ಜನ ಇನ್ನೂ ಏನೂ ಅಂದಿರಲಿಲ್ಲ. "ಅಪ್ಪನ ತಿಥಿ ಬರ್ತಾ ಇದೆ. ತಲೆ ಬಿಟ್ಟವರು ತಿಥಿಯ ಅಡಿಗೆ ಮಾಡುವ ಹಾಗಿಲ್ಲ. ಯಾರು ಮಾಡ್ತಾರೆ?" ಎಂದರು.

"ನನ್ನ ತಮ್ಮನಿಗೆ ನಾನು ಇಷ್ಟು ವರ್ಷ ಮಾಡಿದೆ. ಈ ವರ್ಷ ಅವನ ಸೊಸೆ ಮಾಡಲಿ," ಎಂದರು ದೊಡ್ಡತ್ತೆ.

ಆ ಸೊಸೆ ನಾನೇ. ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಅಷ್ಟೂ ಅಡಿಗೆ ಮಾಡಿದೆ. ಪುರೋಹಿತರು ಊಟ ಮಾಡಿ, ಪಾಯಸ ಎರಡನೆಯ ಸಲ ಹಾಕಿಸಿಕೊಂಡು ಹೋದರು. ಅವರ ಕಣ್ಣು ಎರಡು ಸಲ ದೊಡ್ಡತ್ತೆಯ ಸೆರಗಿನ ಕಡೆ ಹೋಯಿತು, ಬಾಯಿ ಎಲೆಯ ಕಡೆಯೇ ಇತ್ತು.

ಪ್ರತಿ ಭಾನುವಾರ ಬೆಳಿಗ್ಗೆ, ದೊಡ್ಡತ್ತೆಯ ಸ್ನಾನಕ್ಕೆ ಮುಂಚೆ, ಅದೇ ಹಿಂದಿನ ಜಗಲಿ, ಅದೇ ಕಲ್ಲು. ಮೊದಲ ತಿಂಗಳು ಕೆಲಸವೇನೂ ಇರಲಿಲ್ಲ. ಬರಿಯ ಬಿಳಿ ಹುಲ್ಲು. ಕತ್ತಿನ ಹಿಂದೆ ಅಂಚು ಸರಿ ಮಾಡುವುದನ್ನು ಕಲಿತಳು. ಆಮೇಲೆ ಕತ್ತರಿ ಬಾಚಣಿಗೆ ಸೇರಿಸಿ ಹಿಡಿಯುವುದನ್ನು. ಒಂದು ದಿನ ಜಾನಕಿ, "ಅಜ್ಜಿ, ಹಿಂದೆ ಗುಂಗುರು ಉಂಟು ನಿಮಗೆ," ಎಂದಳು.

ದೊಡ್ಡತ್ತೆಯ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಯಿತು. "ಹೌದಾ? ನಂಗೆ ಮರೆತೇಹೋಗಿತ್ತು. ಅಮ್ಮ ಬಾಚುವಾಗ ಸಿಕ್ಕು ಅಂತ ಬೈತಿದ್ದಳು."

ನಾನು ಅಡಿಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡಿದೆ. ಅಳು ಬಂದಿತ್ತು, ಅಷ್ಟೆ.

ಮಳೆ ಕಡಿಮೆಯಾಗಿ ಕೂದಲು ಬೆರಳಿಗೆ ಸಿಗುವಷ್ಟು ಆದ ಮೇಲೆ ಪಿನ್ ಹಾಕಿ ಸುರುಳಿ ಮಾಡುವ ಅಭ್ಯಾಸ ಶುರುವಾಯಿತು. ಆಗ ಹೊಸ ಪೇಚು. ಇಡೀ ಬೆಳಿಗ್ಗೆ ಕೂತು ಒಂದೊಂದೇ ಸುರುಳಿ ಹಾಕಿ, ಒಣಗಿಸಿ, ಬಿಡಿಸಿ, ಜಾನಕಿ ಕನ್ನಡಿ ಹಿಡಿಯುತ್ತಿದ್ದಳು. ದೊಡ್ಡತ್ತೆ ನೋಡುತ್ತಿದ್ದರು. ನೋಡಿ ಎದ್ದು, ಬಚ್ಚಲಿಗೆ ಹೋಗಿ, ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದರು. ಮುಟ್ಟಿಸಿಕೊಂಡ ಮೇಲೆ ಸ್ನಾನವಿಲ್ಲದೆ ಮಡಿಯಿಲ್ಲ, ಮಡಿಯಿಲ್ಲದೆ ಊಟವಿಲ್ಲ. ಅರ್ಧ ದಿನದ ಕೆಲಸ ನಾಲ್ಕು ಚೊಂಬು ನೀರಿಗೆ ಹರಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು.

ಮೊದಲ ಸಲ ಜಾನಕಿ ಅತ್ತಳು. ಎರಡನೆಯ ಸಲ ಸಿಟ್ಟಾದಳು. "ಉಳಿದವರ ಮಾಡೆಲ್‌ಗಳು ಸೆಟ್ ಕೆಡಬಾರದು ಅಂತ ವಾರ ಎಲ್ಲ ತಲೆಗೆ ನೀರು ಹಾಕುವುದಿಲ್ಲ ಅಕ್ಕ. ಮೇಡಂ ನೋಡಿ ಚಂದ ಉಂಟು ಹೇಳ್ತಾರೆ. ನಂದು ತೋರಿಸ್ಲಿಕ್ಕೇ ಇಲ್ಲ. ಎಂಥ ಕಲಿತದ್ದು ಇದು?"

ನಾನು ಮೇಡಂ ಅವರನ್ನೇ ಕೇಳಿದೆ. (ಕೇಳದೆ ಬಿಡುತ್ತೇನೆಯೇ?) ಅವರು ನಕ್ಕರು. ಉಳಿದ ಮೂವರು ಇದುವರೆಗೆ ಪೂರ್ತಿ ಸೆಟ್ ಹಾಕಿದ್ದೇ ಅಪರೂಪವಂತೆ. ಇದ್ದದ್ದನ್ನೇ ತೀಡಿ ತಿದ್ದಿ ವಾರ ದೂಡುತ್ತಾರಂತೆ. "ಆ ಅಜ್ಜಿ ಸ್ನಾನ ಬಿಡದೇ ಇರಲಿ," ಎಂದರು.

ಇದನ್ನು ಬಂದು ಹೇಳಿದ ಮೇಲೆ ಜಾನಕಿ ಅಳುವುದನ್ನು ಬಿಟ್ಟಳು. ಬಚ್ಚಲಲ್ಲಿ ನೀರಿನ ಸದ್ದು ಕೇಳಿದರೆ ಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಮುಂದಿನ ಭಾನುವಾರಕ್ಕೆ ಎತ್ತಿಡುತ್ತಿದ್ದಳು. ಅಕ್ಕಪಕ್ಕದವರೂ ಬರತೊಡಗಿದರು. ಮಡಿಯ ಮುದುಕಿಯೇ ತಲೆ ಕೊಟ್ಟ ಮೇಲೆ ನಮಗೇನು ಎಂದು ಒಬ್ಬರು, ನೋಡಿ ಹೋಗೋಣ ಎಂದು ಒಬ್ಬರು. ನೋಡಲು ಬಂದವರೂ ತಲೆ ತೊಳೆಸಿಕೊಂಡು ಹೋದರು. ನೆಲ್ಯಹುದಿಕೇರಿಯಿಂದ ಎಸ್ಟೇಟ್ ರೈಟರರ ಹೆಂಡತಿ ಮಗಳ ಮದುವೆಗೆ ಈಗಲೇ ಹೇಳಿಟ್ಟಿದ್ದಾರೆ.

ಒಂದು ಮಾತು ಹೇಳಿಬಿಡುತ್ತೇನೆ. ಹೊಸ ಡ್ರೈವರ್ ಮೊದಲ ಸಲ ಸಂಪಾಜೆ ಘಾಟಿ ಇಳಿಸುವಾಗ ಬಸ್ಸಿನಲ್ಲಿ ಯಾರೋ ಕೂತಿರುತ್ತಾರೆ. ಹೊಸ ಡಾಕ್ಟರು ಮೊದಲ ಸೂಜಿ ಚುಚ್ಚಿದ್ದು ಯಾರದೋ ತೋಳಿಗೆ. ನನ್ನ ಮೊದಲ ಪಾಠ ಕೇಳಿದ ಮಕ್ಕಳು ಈಗ ಎಲ್ಲಿದ್ದಾರೋ, ಅವರ ಭೂಗೋಳ ಹೇಗಿದೆಯೋ. ಮನಸ್ಸಿಟ್ಟು ಕಲಿ, ಧೈರ್ಯಗೆಡಬೇಡ ಎಂದು ಬುದ್ಧಿ ಹೇಳುವವರು ಬೀದಿಗೆ ಹತ್ತು ಜನ ಸಿಗುತ್ತಾರೆ. ನನ್ನ ಮೇಲೆ ಕಲಿ ಎನ್ನುವವರು ಎಷ್ಟು ಜನ?

ಇನ್ನು ಶನಿವಾರದ ವಿಷಯ. ಬೆಳಿಗ್ಗೆ ಮಂಜು ಬಿಡುವ ಮುಂಚೆಯೇ ಹೊರಟೆವು. ಜವಳಿ ಅಂಗಡಿಯ ಮೆಟ್ಟಿಲನ್ನು ದೊಡ್ಡತ್ತೆ ನನ್ನ ಕೈ ಹಿಡಿಯದೆ ಹತ್ತಿದರು. ಮೇಲೆ ನಾಲ್ಕು ಕುರ್ಚಿ, ನಾಲ್ಕು ಕನ್ನಡಿ. ಮೂರರಲ್ಲಿ ಜಾರ್ಜೆಟ್ ಸೀರೆಯ ಹೆಂಗಸರು. ನಾಲ್ಕನೆಯದರಲ್ಲಿ ಕೆಂಪು ಸೀರೆಯ ನಮ್ಮ ದೊಡ್ಡತ್ತೆ. ಸೆರಗನ್ನು ತಲೆಯಿಂದ ತಾವೇ ತೆಗೆದರು. ಮನೆಯ ಹೊರಗೆ ಅವರು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಪರೀಕ್ಷಕಿ ಎಲ್ಲರ ಸೆಟ್ಟನ್ನೂ ಒದ್ದೆ ಮಾಡಿಸಿ, ಮೊದಲಿನಿಂದ ಹಾಕಿ ಎಂದರು. ಮೂರು ಕುರ್ಚಿಗಳ ಹಿಂದೆ ಗುಜುಗುಜು. ನಾಲ್ಕನೆಯದರ ಹಿಂದೆ ಜಾನಕಿಯ ಕೈ ಆಗಲೇ ಪಿನ್ನಿನ ಡಬ್ಬಿಯಲ್ಲಿತ್ತು. ಅವಳಿಗೆ ಅದು ಇನ್ನೊಂದು ಭಾನುವಾರ, ಅಷ್ಟೆ.

ಮುಗಿದಾಗ ದೊಡ್ಡತ್ತೆಯ ತಲೆಯ ತುಂಬ ಸಣ್ಣ ಸಣ್ಣ ಸುರುಳಿಗಳು. (ಇದನ್ನು ಅವರಿಗೆ ಓದಿ ಹೇಳಿಯೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ಅವರು ತಿದ್ದಿದ್ದು ಒಂದೇ ಕಡೆ: 'ನರೆತ ಸುರುಳಿ' ಎಂದು ಬರೆದಿದ್ದೆ, 'ನರೆತ' ತೆಗೆಸಿದರು.) ಪರೀಕ್ಷಕಿ ಸುತ್ತ ಬಂದು ನೋಡಿದರು. ಕತ್ತಿನ ಅಂಚನ್ನು ಬೆರಳಿನಿಂದ ಮುಟ್ಟಿದರು. ಕೆಂಪು ಸೀರೆ ನೋಡಿಯೂ ಅರ್ಥವಾಗಲಿಲ್ಲವೋ, ಅರ್ಥವಾಗಿಯೇ ಕೇಳಿದರೋ ತಿಳಿಯದು.

"ಮೊದಲು ಇಷ್ಟು ಗಿಡ್ಡ ಮಾಡಿದ್ದು ಯಾರು? ನೀನೇನಾ?"

ಕನ್ನಡಿಯೊಳಗಿನಿಂದಲೇ ದೊಡ್ಡತ್ತೆ ಉತ್ತರ ಕೊಟ್ಟರು. "ಇವಳಲ್ಲ. ಅದು ನಮ್ಮ ಮನೆಯವರೆಲ್ಲ ಸೇರಿ ಮಾಡಿದ್ದು. ಇವಳು ಉದ್ದ ಮಾಡಿದ್ದು."

ಪರೀಕ್ಷಕಿ ಅಂಕ ಬರೆದುಕೊಂಡರು. ಸಂಜೆಯೊಳಗೆ ಮೇಡಂ ಹೇಳಿ ಕಳಿಸಿದರು: ಜಾನಕಿ ಪಾಸು, ಸೋಮವಾರದಿಂದ ಕೆಲಸಕ್ಕೆ ಬರಲಿ.

ಆದರೆ ನಾನು ನಿಮಗೆ ಹೇಳಬೇಕೆಂದಿದ್ದದ್ದು ಅದಲ್ಲ. ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ಮಧ್ಯಾಹ್ನ. ಹಂಡೆಯಲ್ಲಿ ನೀರು ಕಾದಿತ್ತು. "ಸ್ನಾನಕ್ಕೆ ಏಳಿ ದೊಡ್ಡತ್ತೆ, ಊಟಕ್ಕೆ ಹೊತ್ತಾಯಿತು," ಎಂದೆ. "ಸ್ವಲ್ಪ ಹೊತ್ತು ಇರಲಿ," ಎಂದು ಮುಂದಿನ ಜಗಲಿಯಲ್ಲಿ ಕೂತರು. ಹಿಂದಿನದರಲ್ಲಲ್ಲ, ಮುಂದಿನದರಲ್ಲಿ. ಬೀದಿಯಲ್ಲಿ ಹೋಗುವವರು ಹೋದರು, ಬರುವವರು ಬಂದರು. ಇವರು ಆಗಾಗ ಕೈಯೆತ್ತಿ ಒಂದು ಸುರುಳಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಹಂಡೆಯ ನೀರನ್ನು ನಾನು ಮತ್ತೆ ಕಾಯಿಸಿದೆ. ಒಪ್ಪೊತ್ತು ಊಟದ ಹೆಂಗಸು ಆ ದಿನದ ಆ ಒಂದು ಊಟವನ್ನೂ ಬಿಟ್ಟು, ದೀಪ ಹಚ್ಚುವ ಹೊತ್ತಿನ ತನಕ ಹಾಗೇ ಕೂತಿದ್ದರು.

ಕಚೇರಿಯಿಂದ ಬಂದ ಯಜಮಾನರು ಗೇಟಿನ ಹತ್ತಿರ ಒಂದು ಕ್ಷಣ ನಿಂತರು. ಏನೋ ಹೇಳುತ್ತಾರೆಂದುಕೊಂಡೆ. ಚಪ್ಪಲಿಯನ್ನು ಸದ್ದಾಗದ ಹಾಗೆ ಬಿಟ್ಟು ಒಳಗೆ ಹೋದರು.

ಮೊನ್ನೆ ಬುಧವಾರ ಹಿತ್ತಿಲ ಬಾಗಿಲಿಗೆ ಚನ್ನಪ್ಪ ಬಂದ, ಪೆಟ್ಟಿಗೆ ಹಿಡಿದುಕೊಂಡು. "ಪರೀಕ್ಷೆ ಆಯ್ತಂತಲ್ಲ ತಾಯಿ. ಹುಡುಗಿ ಪಾಸಂತೆ," ಎಂದು ಕೇಳಿ, ಪೆಟ್ಟಿಗೆ ತೆರೆಯಲೋ ಬೇಡವೋ ಎಂದು ನಿಂತ. ಯಜಮಾನರು ಒಳಗೆ ಪತ್ರಿಕೆಯ ಹಾಳೆ ತಿರುಗಿಸುವುದನ್ನು ನಿಲ್ಲಿಸಿದ್ದರು.

ದೊಡ್ಡತ್ತೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ಪಾಸೇನೋ ಆದಳು. ಆದರೆ ಅವಳಿಗೆ ಇನ್ನೂ ಸ್ವಲ್ಪ ಪ್ರಾಕ್ಟೀಸ್ ಬೇಕು."

ಪಾಸಾಗಿ ಕೆಲಸಕ್ಕೂ ಸೇರಿದವಳಿಗೆ ಇನ್ನೆಂಥ ಪ್ರಾಕ್ಟೀಸ್ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನು ಕೂಡ. ನೀವೂ ಕೇಳಬೇಡಿ.